ಬಟ್ಟೆ ಪಟ್ಟಿಗೆ ಕಟ್ಟಿದ ವಾಚು

ಮೊಂಬಾಸಾದಲ್ಲಿ ನಾನು ತಪ್ಪಿಲ್ಲದೆ ಆಡಿದ ಮೊದಲ ಮಾತಿಗೆ ಒಬ್ಬನ ದವಡೆ ಮುರಿಯಿತು. ಮಾತು ಒಂದೇ: ‘ಮ್ವಿಝಿ’. ಇಲ್ಲಿನ ಭಾಷೆಯಲ್ಲಿ ಕಳ್ಳ ಎಂದು ಅರ್ಥ.

ಚನ್ನಗಿರಿಯಿಂದ ಕೂದಲೆಣ್ಣೆ ಮಾರಲು ಬಂದು ಎಂಟು ತಿಂಗಳಾಗಿತ್ತು. ಮೊದಲೇ ಬಂದಿದ್ದ ಭಾವನ ಜೊತೆ ಒಂದೇ ಕೋಣೆಯಲ್ಲಿದ್ದೆ. ನಮ್ಮಲ್ಲಿ ಕೋಳಿಗೆ ಹಾಕುವ ಮೆಕ್ಕೆಜೋಳ ಇಲ್ಲಿ ‘ಉಗಾಲಿ’ ಎಂಬ ಮುದ್ದೆಯಾಗಿ ತಟ್ಟೆಗೆ ಬರುತ್ತದೆ. ಅದು ಗಂಟಲಲ್ಲಿ ಇಳಿಯಲು ಕಲಿತರೂ ಬೀದಿಯಲ್ಲಿ ಒಬ್ಬರೂ ನನ್ನ ಹೆಸರು ಕೇಳಿರಲಿಲ್ಲ.

ಮನೆ ಮಾಲೀಕ ಒಂದು ಕಾಲಕ್ಕೆ ಸಮುದ್ರದಲ್ಲಿ ಮುಳುಗು ಹಾಕುತ್ತಿದ್ದವನು. ನನ್ನ ಎಣ್ಣೆಯಿಂದ ಮಗಳ ಕೂದಲು ಉದುರುವುದು ನಿಂತಿತೆಂದು ತನ್ನ ವಾಚನ್ನೇ ಬಿಚ್ಚಿ ಕೊಟ್ಟ. ನೀರಿನಾಳದಲ್ಲೂ ನಿಲ್ಲದ, ಲಕ್ಷಗಟ್ಟಲೆ ಬೆಲೆಯ ವಾಚು. ಭಾವ ಅದರ ಸ್ಟೀಲ್ ಚೈನು ತೆಗೆಸಿದ.

“ಚೈನು ಕಂಡ್ರೆ ಕೈನೇ ಕಡೀತಾರೆ. ಬಟ್ಟೆ ಪಟ್ಟಿ ಹಾಕು, ಸಂತೆ ಮಾಲು ಅಂತ ಸುಮ್ನಾಗ್ತಾರೆ” ಅಂದ.

ಒಬ್ಬ ಸುಮ್ಮನಾಗಲಿಲ್ಲ. ಒಂದು ಸಂಜೆ ಮೀನು ಮಾರ್ಕೆಟ್ಟಿನ ಬಳಿ ಹಿಂದಿನಿಂದ ಬಂದು ವಾಚಿಗೆ ಕೈ ಹಾಕಿ ಜಗ್ಗಿದ. ಚೈನಾಗಿದ್ದರೆ ಕಿತ್ತು ಹೋಗುತ್ತಿತ್ತು. ವಾಚಿನ ಅಡಿಯಿಂದ ಹಾದ ಆ ನೈಲಾನ್ ಬಟ್ಟೆ ಪಟ್ಟಿ ಕಿತ್ತು ಬರಲಿಲ್ಲ, ಅದರ ಜೊತೆ ನಾನೇ ಹೋದೆ. ನೆಲದ ಮೇಲೆ ದರದರ ಎಳೆದ. ಮಣಿಕಟ್ಟು ಲಟಕ್ಕೆಂದಿತು. ಸಿಟ್ಟು ನೆತ್ತಿಗೇರಿ ಅವನ ಕೈ ಕಚ್ಚಿದೆ, ಉಸಿರೆಲ್ಲ ಕೂಡಿಸಿ ಆ ಮಾತು ಕೂಗಿದೆ.

ಮಾರ್ಕೆಟ್ಟಿಗೆ ಮಾರ್ಕೆಟ್ಟೇ ಓಡಿ ಬಂತು. ಕಲ್ಲು, ದೊಣ್ಣೆ, ಮೀನಿನ ಬುಟ್ಟಿ, ಕೈಗೆ ಸಿಕ್ಕಿದ್ದರಲ್ಲಿ ಬಡಿದರು. ಮೊದಲ ನಾಲ್ಕೇಟಿಗೆ ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ನಮ್ಮೂರ ಕಡೆಯ ತ್ಯಾವಣಿಗೆಯಲ್ಲಿ ಪಂಪ್‌ಸೆಟ್ ಕದ್ದವನನ್ನು ಕಂಬಕ್ಕೆ ಕಟ್ಟಿದ್ದಾಗ ನಾನೂ ಎರಡೇಟು ಬಿಟ್ಟಿದ್ದೆ. ಅಲ್ಲಿ ಯಾರೋ ಹಿರಿಯರು ಸಾಕು ಅಂದರು, ನಿಲ್ಲಿಸಿದೆವು. ಇಲ್ಲಿ ಸಾಕು ಅನ್ನಬೇಕಾದವನು ನಾನೇ. ಎಣ್ಣೆ, ಕೂದಲು, ಬೆಲೆ, ಇವಕ್ಕೆಲ್ಲ ಇಲ್ಲಿನ ಮಾತು ಗೊತ್ತಿತ್ತು. ಸಾಕು ಅನ್ನುವುದಕ್ಕೆ ಗೊತ್ತಿರಲಿಲ್ಲ.

“ಬಿಡ್ರೋ, ಸಾಯ್ತಾನೆ” ಎಂದು ಕನ್ನಡದಲ್ಲೇ ಅರಚಿದೆ. ಅವನ ಬಾಯಿಂದ ರಕ್ತದ ಜೊತೆ ಹಲ್ಲು ಬಿದ್ದವು. ನನಗಿನ್ನೂ ಸಿಟ್ಟಿಳಿದಿಲ್ಲವೆಂದು ತಿಳಿದ ಒಬ್ಬ, ನನ್ನ ಬೆನ್ನು ತಟ್ಟಿ ಕೈಗೊಂದು ದೊಣ್ಣೆ ಕೊಟ್ಟ.

ಕೊನೆಗೆ ಪೊಲೀಸ್ ಜೀಪು ಅವನನ್ನು ಹೊತ್ತುಕೊಂಡು ಹೋಯಿತು. ಬದುಕಿದನೇ ಎಂದು ವಿಚಾರಿಸಲು ನನಗೆ ಧೈರ್ಯ ಬರಲಿಲ್ಲ.

ಮರುದಿನ ನೆರೆಯವರು ಮೀನಿನ ಸಾರು ತಂದುಕೊಟ್ಟರು, ಹೆಸರು ಕೇಳಿದರು. ಈಗ ನನ್ನನ್ನು ‘ನ್ದುಗು’ ಅನ್ನುತ್ತಾರೆ, ಅಂದರೆ ಸಹೋದರ. ಹೊಡೆದ ಕೈಗಳೇ ನನ್ನ ಮುರಿದ ಕೈಗೆ ಎಣ್ಣೆ ತಿಕ್ಕಿದವು.

ಊರಿನಿಂದ ಹೆಂಡತಿ ಫೋನು ಮಾಡಿ, “ಅಲ್ಲಿ ನಮ್ಮೋರು ಅನ್ನಾಕೆ ಯಾರಾದ್ರೂ ಅದಾರೇನ್ರೀ?” ಎಂದು ಕೇಳುತ್ತಾಳೆ.

“ಬೀದಿಗೆ ಬೀದಿನೇ ಐತೆ” ಅನ್ನುತ್ತೇನೆ. ಅವರೆಲ್ಲ ನನ್ನವರಾದದ್ದು ಹೇಗೆಂದು ಅವಳಿಗೆ ಹೇಳಿದರೆ, ಊರಿಗೆ ಹೋಗಲು ನನಗೆ ಮುಖವಿರುವುದಿಲ್ಲ.