ಮದ್ದು ಕಾಸುವವಳ ಲೆವೆಲ್

ಕೋಪ ಇಳಿದ ಮೇಲೆ ಬರೆಯೋಣವೆಂದು ಕಾದೆ. ಇಳಿಯುವ ಲಕ್ಷಣವೇ ಇಲ್ಲ. ನಲವತ್ತು ದಾಟಿದ ಹೆಂಗಸು ಒಂದು ಆಟಕ್ಕೆ ಇಷ್ಟು ಸಿಟ್ಟು ಮಾಡಿಕೊಳ್ಳುವುದೇ ಎಂದು ಕೇಳುವವರು ಕೇಳಲಿ. ಹೌದು, ಮಾಡಿಕೊಳ್ಳುತ್ತೇನೆ.

ನಾನು ಪುತ್ತೂರಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಲ್ಯಾಬ್ ಸಹಾಯಕಿ. ವಾರವಿಡೀ ಬೇರೆಯವರ ಪ್ರಯೋಗಕ್ಕೆ ದ್ರಾವಣ ಮಾಡಿ ಬಾಟ್ಲಿಗೆ ತುಂಬಿಸಿ ಇಡುವುದು ನನ್ನ ಕೆಲಸ. ಭಾನುವಾರ ಮಧ್ಯಾಹ್ನ ಕಡಬದ ಬಸ್ಸು ಹತ್ತುತ್ತಿದ್ದೆ. ಅಲ್ಲಿ ನನ್ನ ಹಳೆಯ ಸಹಪಾಠಿಯ ಮನೆ ಉಂಟು. ಅವನ ಅಜ್ಜನ ಕಾಲದಲ್ಲಿ ಕೇರಳದಿಂದ ಬಂದು ರಬ್ಬರ್ ತೋಟ ಹಾಕಿದ ಕುಟುಂಬ. ಅವರು ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಬಂದು ಊಟ ಮಾಡಿದ ಮೇಲೆ ಜಗಲಿಯಲ್ಲಿ ನಾವು ನಾಲ್ಕು ಜನ ಕೂರುತ್ತಿದ್ದೆವು: ಅವನು, ಅವನ ಹೆಂಡತಿ, ಮಂಡೆಕೋಲಿನಿಂದ ಬೈಕಿನಲ್ಲಿ ಬರುವ ಬ್ಯಾಂಕ್ ಗುಮಾಸ್ತ, ಮತ್ತು ನಾನು. ನಡುವೆ ಬೇಯಿಸಿದ ಮರಗೆಣಸು, ಕಾಂತಾರಿ ಮೆಣಸಿನ ಚಟ್ನಿ, ನಾಲ್ಕು ಕಾಗದ, ಒಂದು ಮುಷ್ಟಿ ದಾಳ.

ಆಟ ಇಷ್ಟೇ. ಒಬ್ಬ ಕಥೆ ನಡೆಸುತ್ತಾನೆ, ನಿಯಮವೂ ಅವನದ್ದೇ. ಉಳಿದವರಿಗೆ ಒಂದೊಂದು ಪಾತ್ರ. ಪಾತ್ರದ ಶಕ್ತಿ, ಗಾಯ, ಸಾಮಾನು ಎಲ್ಲ ಕಾಗದದ ಮೇಲೆ ಪೆನ್ಸಿಲಿನಲ್ಲಿ ಇರುತ್ತದೆ. ಗೆದ್ದ ಹಾಗೆ ಅನುಭವದ ಪಾಯಿಂಟ್ ಸಿಕ್ಕಿ ಲೆವೆಲ್ ಏರುತ್ತದೆ. ಕಥೆ ನಡೆಸುವವನು ಸಹಪಾಠಿ. ಗುಮಾಸ್ತ ಕತ್ತಿಯವ, ಸಹಪಾಠಿಯ ಹೆಂಡತಿ ಬಿಲ್ಲಿನವಳು. ನಾನು ಮಾಯಾಮದ್ದು ಕಾಸುವವಳು, ಮಂತ್ರದ ಸುರುಳಿ ಬರೆಯುವವಳು. ಮೊದಲ ದಿನ ಪ್ರತಿಯೊಬ್ಬರೂ ತಮ್ಮ ಪಾತ್ರಕ್ಕೆ ಒಂದು ಹಿಂದಿನ ಕಥೆ ಬರೆಯಬೇಕಿತ್ತು. ನನ್ನ ಪಾತ್ರದ ತಾಯಿಯನ್ನು ಒಬ್ಬ ಮಾಂತ್ರಿಕ ಕರಿಕೋಟೆಯಲ್ಲಿ ಸೆರೆ ಹಾಕಿದ್ದಾನೆ, ತಾಯಿಯನ್ನು ಬಿಡಿಸಿ ತರಲು ಇವಳು ಹೊರಟಿದ್ದಾಳೆ ಎಂದು ನಾನು ಬರೆದೆ. ಮೂರು ವರ್ಷ ನಾವು ನಡೆದದ್ದು ಆ ಕೋಟೆಯ ದಾರಿಯಲ್ಲೇ.

ಆರನೆಯ ತಿಂಗಳಿಗೆ ಅವನು ಒಂದು ಹಳೇ ನಿಯಮ ಎಲ್ಲಿಂದಲೋ ಹುಡುಕಿ ತಂದ. ಮದ್ದಿಗೆ ಮಿತಿ ಬೇಕಂತೆ. ಒಂದು ಬಾಟ್ಲಿ ಮದ್ದು ಕಾಸಿದರೆ, ಒಂದು ಸುರುಳಿ ಬರೆದರೆ, ಮಾಡಿದವರ ಅನುಭವದ ಪಾಯಿಂಟ್ ಕಳೆದು ಲೆವೆಲ್ ಇಳಿಯುತ್ತದೆ. ಕುಡಿದವರದ್ದಲ್ಲ, ಮಾಡಿದವರದ್ದು.

"ಇದೆಂತ ಕ್ರಮ ಮಾರಾಯ?" ಎಂದೆ.

"ಇಲ್ಲದಿದ್ರೆ ನೀನು ನೂರು ಬಾಟ್ಲಿ ಮಾಡಿ ಇಡ್ತಿ. ಯಾರಿಗೂ ಸಾಯುವ ಹೆದರಿಕೆ ಇರುದಿಲ್ಲ. ಆಟ ಎಂತದ್ದು ಮತ್ತೆ?"

ಮಿತಿ ಬೇಡ ಎಂದು ನಾನು ಹೇಳಲಿಲ್ಲ. ಮಿತಿಯಿಲ್ಲದ ಮದ್ದು ನಮ್ಮ ಮನೆಯಲ್ಲೂ ಇರಲಿಲ್ಲ. ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಯ ದಿನ ಹಾಲೆಮರದ ತೊಗಟೆಯ ಕಷಾಯ ಕುಡಿಯುವ ಕ್ರಮ ನಮ್ಮಲ್ಲಿ ಉಂಟು. ವರ್ಷಕ್ಕೆ ಅದೊಂದೇ ದಿನ. ತೊಗಟೆಗೆ ಕತ್ತಿ ತಾಗಿಸುವ ಹಾಗಿಲ್ಲ, ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು, ಅದೂ ಸೂರ್ಯ ಮೂಡುವ ಮೊದಲು. ಮಬ್ಬಿನಲ್ಲಿ ಮರ ತಪ್ಪಿ ಕಾಸರಕ ಮರದ ತೊಗಟೆ ಬಂದರೆ ಅದು ಮದ್ದಲ್ಲ, ವಿಷ. ಅದಕ್ಕೆ ನನ್ನ ಅಜ್ಜಿ ಹಿಂದಿನ ದಿನವೇ ಹೋಗಿ ಮರಕ್ಕೆ ಬಳ್ಳಿ ಕಟ್ಟಿ ಬರುತ್ತಿದ್ದರು. ಇದನ್ನೆಲ್ಲ ಅವನಿಗೆ ಹೇಳಿದೆ. "ದಿನಕ್ಕೆ ಮಿತಿ ಹಾಕು, ಮರಕ್ಕೆ ಹಾಕು, ಕಲ್ಲಿಗೆ ಹಾಕು. ಕಷಾಯ ಕಾಸಿದ್ದಕ್ಕೆ ಅಜ್ಜಿಯ ಆಯುಸ್ಸು ಕಡಿಮೆ ಆಗುದು ಯಾವ ಊರಿನ ನ್ಯಾಯ?"

"ಚಂದ ಉಂಟು ಕಥೆ," ಎಂದು ನಕ್ಕ. "ಆದ್ರೆ ನಿಯಮ ನಿಯಮವೇ. ಸ್ವಲ್ಪ ಎಡ್ಜಸ್ಟ್ ಮಾಡು ಮಾರಾಯ್ತಿ."

ನಾನು ಎಡ್ಜಸ್ಟ್ ಮಾಡಿದೆ. ಅದೇ ನಾನು ಮಾಡಿದ ದೊಡ್ಡ ತಪ್ಪು. ಅವರ ಮನೆಯ ಮರಗೆಣಸು ತಿಂದು ಅವರ ಜಗಲಿಯಲ್ಲೇ ಜಗಳ ಮಾಡುವುದು ಹೇಗೆ ಎಂದು ಬಾಯಿ ಮುಚ್ಚಿಕೊಂಡೆ. ಈಗ ನೆನೆದರೆ ಮೈ ಉರಿಯುತ್ತದೆ.

ಮತ್ತೆ ನಡೆದದ್ದು ಕೇಳಿ. ನಮ್ಮ ಕತ್ತಿಯವನಿಗೆ ಹಿಂದೆಮುಂದೆ ನೋಡುವ ಅಭ್ಯಾಸವೇ ಇಲ್ಲ. ಬೆಂಕಿ ಕಂಡರೆ ಬೆಂಕಿಗೆ, ಹೊಂಡ ಕಂಡರೆ ಹೊಂಡಕ್ಕೆ. "ಹೋಗ್ಬೇಡ ಮಾರಾಯ" ಎನ್ನುವುದರೊಳಗೆ ದಾಳ ಉರುಳಿಸಿ ಆಗಿರುತ್ತಿತ್ತು. ಬಿದ್ದ ಮೇಲೆ, "ಅಕ್ಕ, ಒಂದು ಬಾಟ್ಲಿ ಉಂಟಾ?" ಕೊಡುತ್ತಿದ್ದೆ. ಅವನು ಎದ್ದು ರಾಕ್ಷಸನನ್ನು ಕೊಂದು ಪಾಯಿಂಟ್ ಪಡೆಯುತ್ತಿದ್ದ. ನಾನು ರಬ್ಬರ್ ತೆಗೆದು ನನ್ನ ಪಾಯಿಂಟ್ ಅಳಿಸುತ್ತಿದ್ದೆ. ಬಿಲ್ಲಿನವಳಾದರೂ ಕಡಿಮೆಯೇ? ಅಕ್ಕ ಎನ್ನುವುದನ್ನು ಮಲಯಾಳದಲ್ಲಿ ಹೇಳುತ್ತಿದ್ದಳು: "ಚೇಚಿ, ಕಣ್ಣಿಗೆ ಕಾಣದ ಹಾಗೆ ಆಗುವ ಸುರುಳಿ ಒಂದು ಬರೆದು ಕೊಡಿ." ಬರೆದು ಕೊಟ್ಟೆ, ಅಳಿಸಿದೆ. ಅಳಿಸಿ ಅಳಿಸಿ ನನ್ನ ಕಾಗದ ಆ ಜಾಗದಲ್ಲಿ ತೂತು ಬಿದ್ದಿತು. ಒಬ್ಬರಾದರೂ ನೋಡಿದರೇ? ಇಲ್ಲ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಕೋಟೆಯ ಬಾಗಿಲಿಗೆ ಬಂದೆವು. ಬಸ್ಸಿನಲ್ಲಿ ಬರುವಾಗಲೇ ತಾಯಿಗೆ ಮೊದಲು ಏನು ಹೇಳಬೇಕು ಎಂದು ಯೋಚಿಸಿಕೊಂಡಿದ್ದೆ. ಸಹಪಾಠಿ ಗಂಟಲು ಸರಿಮಾಡಿಕೊಂಡು ಓದಿದ: ಏಳನೆಯ ಲೆವೆಲಿಗಿಂತ ಕೆಳಗಿನವರಿಗೆ ಈ ಬಾಗಿಲು ತೆರೆಯುವುದಿಲ್ಲ. ಅವರಿಬ್ಬರೂ ಎಂಟು. ನಾನು ಐದು.

ಕತ್ತಿಯವ ಸಮಾಧಾನ ಹೇಳಿದ. "ಬೇಜಾರು ಮಾಡ್ಬೇಡಿ ಅಕ್ಕ. ನೀವು ಹೊರಗೆ ಕೂತು ಇನ್ನೊಂದು ನಾಲ್ಕು ಬಾಟ್ಲಿ ಮಾಡಿ. ನಿಮ್ಮ ಅಮ್ಮನನ್ನು ನಾವು ಕರ್ಕೊಂಡು ಬರ್ತೇವೆ."

ನನ್ನ ಅಮ್ಮನನ್ನು! ಅವನು! ಅದೂ ನನ್ನ ಮದ್ದು ಕುಡಿದು!

ನಾನು ಸಹಪಾಠಿಗೆ ಹೇಳಿದೆ, "ನಿಯಮ ನಿನ್ನದಲ್ವಾ? ಹಾಗಾದ್ರೆ ಇನ್ನೊಂದು ನಿಯಮ ಮಾಡು. ಇವರು ನನಗೆ ಪಾಯಿಂಟ್ ಕೊಡ್ಲಿ. ಇಬ್ಬರೂ ಒಂದೊಂದು ಲೆವೆಲ್ ಇಳೀಲಿ, ನಾನು ಎರಡು ಏರ್ತೇನೆ. ಮೂವರೂ ಏಳು ಆಗ್ತೇವೆ. ಮೂವರೂ ಒಳಗೆ ಹೋಗುವ."

ಅವನು ತಲೆ ಕೆರೆದುಕೊಂಡ. "ಅವರು ಒಪ್ಪಿದ್ರೆ ನನ್ನದೆಂತ ತಕರಾರು ಇಲ್ಲ."

ಅವನ ಹೆಂಡತಿ "ಚಾ ಇಡ್ತೇನೆ" ಎಂದು ಎದ್ದು ಒಳಗೆ ಹೋದಳು. ಕತ್ತಿಯವ ತನ್ನ ಕಾಗದ ನೋಡಿದ, ನನ್ನ ಮುಖ ನೋಡಿದ. ಅವನ ಮುಖದಲ್ಲಿ ಕಪಟ ಇರಲಿಲ್ಲ, ಅದನ್ನೂ ಹೇಳಬೇಕು. ಬರೀ ಆಶ್ಚರ್ಯ ಇತ್ತು.

"ಅಯ್ಯೋ, ಹಾಗೆ ಮಾಡಿದ್ರೆ ನಾನು ಇಳಿದು ಹೋಗ್ತೇನಲ್ಲ ಅಕ್ಕ!"

ಎರಡೂವರೆ ವರ್ಷ ನಾನು ಅವನೆದುರೇ ಕೂತು ಇಳಿದಿದ್ದೆ.

"ಸರಿ," ಎಂದೆ. "ನನ್ನ ಸರದಿ. ನನ್ನ ಚೀಲದಲ್ಲಿ ಹನ್ನೊಂದು ಬಾಟ್ಲಿ ಉಂಟು. ಒಂದನೆಯದ್ದನ್ನು ಕುಡಿಯುತ್ತೇನೆ." ಪಟ್ಟಿಯಲ್ಲಿ ಒಂದನ್ನು ಅಳಿಸಿದೆ. "ಎರಡನೆಯದ್ದು." ಅಳಿಸಿದೆ.

"ಎಂತ ಮಾಡುದು ನೀನು?" ಸಹಪಾಠಿ ಗಾಬರಿಯಾದ. "ಅದು ಗಾಯದ ಮದ್ದು ಮಾರಾಯ್ತಿ. ಗಾಯ ಇಲ್ಲದೆ ಕುಡಿದ್ರೆ ಎಂತ ಪ್ರಯೋಜನವೂ ಇಲ್ಲ."

ನಾನು ನಿಲ್ಲಿಸಲಿಲ್ಲ. ಐದು, ಆರು, ಏಳು. ಕತ್ತಿಯವ ಕೈಮುಗಿಯುವುದೊಂದು ಬಾಕಿ. "ಅಕ್ಕ, ಎರಡಾದ್ರೂ ಇಡಿ. ಒಳಗೆ ಹೋದ್ಮೇಲೆ ನಮಗೆ ಗಾಯ ಆಗ್ತದಲ್ಲ?"

"ನಿನಗೆ ಇನ್ನು ಆಗ್ಬೇಕಷ್ಟೆ," ಎಂದೆ. "ನನಗೆ ಆಗಿದೆ."

ಹನ್ನೊಂದನೆಯದ್ದನ್ನೂ ಕುಡಿದು, ಕಾಗದ ಅಲ್ಲೇ ಬಿಟ್ಟು, ಪುತ್ತೂರಿನ ಬಸ್ಸಿಗೆ ನಡೆದೆ.