ಅಣ್ಣನ ಗಲ್ಲಾಕ್ಕೆ ಕಾಣುವಂತೆ

೨೦೦೧ರಲ್ಲಿ, ಎಂಟನೆಯ ತರಗತಿಗೆ ಶಾಲೆ ಬಿಟ್ಟೆ. ಪುಣೆಯ ಧನಕವಡಿಯಲ್ಲಿ ಅಣ್ಣ ಇಡ್ಲಿ-ವಡೆಯ ಹೋಟೆಲು ಹಾಕಿದ್ದ. ರುಬ್ಬಲು ಬಂದವನು ಒಲೆಗೂ ನಿಂತೆ. ಆ ಹೋಟೆಲಿಗೆ ಹೆಸರು ತಂದದ್ದು ನನ್ನ ಕೈ. ಹೇಳಿಕೊಳ್ಳಲು ನಾಚಿಕೆಯಿಲ್ಲ.

ನನಗೆ ಇಪ್ಪತ್ತೈದು ತುಂಬುವ ಹೊತ್ತಿಗೆ ಯಾರೂ ಇಲ್ಲದ ಕಡೆಯಿಂದ ದನಿಗಳು ಕೇಳತೊಡಗಿದವು. ಗಿರಾಕಿಗಳೆಲ್ಲ ನನ್ನನ್ನು ಮುಗಿಸಲು ಬಂದವರೆಂದು ಹಿಟ್ಟಿನ ಚೀಲಗಳ ಹಿಂದೆ ಅಡಗಿ ಕೂತೆ. ಡಾಕ್ಟರು ಸ್ಕಿಜೋಫ್ರೇನಿಯಾ ಎಂದರು. ಗುಳಿಗೆ ನಾಟಿತು, ದನಿಗಳು ತಗ್ಗಿದವು, ವರ್ಷದೊಳಗೆ ಮತ್ತೆ ಒಲೆಯ ಮುಂದೆ ನಿಂತೆ.

ಆದರೆ ಸಿಟ್ಟು ಮಾಡಿಕೊಳ್ಳುವ ಹಕ್ಕು ತಿರುಗಿ ಬರಲಿಲ್ಲ. ಒಂದು ದಿನ ಚಟ್ನಿ ಹಳಸಿತ್ತು.

"ಇದನ್ನ ಕೊಡಬ್ಯಾಡ, ಹಳಸೇದ," ಎಂದೆ. ಅಣ್ಣ ಕೇಳಲಿಲ್ಲ. ದನಿ ಏರಿಸಿದೆ. ಅವನು ಗಲ್ಲಾದಿಂದ ಗಿರಾಕಿಗಳ ಕಡೆ ನೋಡಿ ನಕ್ಕ.

"ಇವತ್ತ ಗುಳಿಗಿ ತಗೊಂಡಿಲ್ಲೇನೋ ತಮ್ಮಾ?"

ತಗೊಂಡಿದ್ದೆ. ಜನ ನಕ್ಕರು, ಹಳಸಿದ ಚಟ್ನಿಯನ್ನೇ ತಿಂದರು.

ಆ ವಾರವೇ ಹೋಟೆಲು ಬಿಟ್ಟೆ. ದೇಹೂ ರೋಡಿನ ಒಂದು ಮೆಸ್ಸಿನಲ್ಲಿ ಕೆಲ ವರ್ಷ ದುಡಿದು ನನ್ನದೇ ಇಡ್ಲಿಯ ಕೈಗಾಡಿ ಮಾಡಿಕೊಂಡೆ. ಅದನ್ನು ತಂದು ನಿಲ್ಲಿಸಿದ್ದು ಅಣ್ಣನ ಹೋಟೆಲಿನ ಎದುರಿಗೆ, ಅವನ ಗಲ್ಲಾದಿಂದ ನೆಟ್ಟಗೆ ಕಾಣುವಂತೆ. ಬೇರೆ ಜಾಗ ಸಿಗಲಿಲ್ಲವೆಂದು ಸುಳ್ಳು ಹೇಳುವುದಿಲ್ಲ. ಬೆಳಗಿನ ಗುಳಿಗೆಯನ್ನು ಅವನ ಕಡೆ ಮುಖ ಮಾಡಿಯೇ ನುಂಗುತ್ತಿದ್ದೆ. ಅವನ ಗಿರಾಕಿಗಳು ಒಬ್ಬೊಬ್ಬರೇ ರಸ್ತೆ ದಾಟಿದರು. ನೋಡಿ ಹೊಟ್ಟೆ ತಣ್ಣಗಾಯಿತು.

ಕಳೆದ ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಅವನೇ ದಾಟಿ ಬಂದ.

"ಗಾಡಿ ತಗಿ. ಸ್ವಂತ ಅಣ್ಣನ ಹೊಟ್ಟಿ ಮ್ಯಾಲೆ ಹೊಡಿತಿಯೇನು?"

"ಹೊಡಿತೀನಿ. ಅದಕ್ಕ ಇಲ್ಲೇ ನಿಂತೀನಿ."

ಅಷ್ಟು ವರ್ಷ ನುಂಗಿಕೊಂಡದ್ದನ್ನೆಲ್ಲ ಕೂಗಿ ಹೇಳಿದೆ. ಅವನು ಹಳೆಯ ಚಾಳಿಯಂತೆ ಜನರ ಕಡೆ ತಿರುಗಿದ. "ನೋಡ್ರಿ, ಇವಂದು ತಲಿ ಕೆಟ್ಟದ."

ತಟ್ಟೆ ಚಾಚಿ ನಿಂತಿದ್ದ ಸೊಲ್ಲಾಪುರದ ರಿಕ್ಷಾದವನು ಗೊಣಗಿದ: "ಇಬ್ಬರದೂ ಕೆಟ್ಟದ ಬಿಡ್ರಿ. ಮಾಲಕ, ಮೊದಲ ನನಗ ಇಡ್ಲಿ ಹಾಕ್ರಿ, ಆಮ್ಯಾಲ ಜಗಳಾ ಆಡ್ರಿ."

ಯಾರೂ ಹೆದರಿ ಹಿಂದೆ ಸರಿಯಲಿಲ್ಲ. ಬೀದಿಯಲ್ಲಿ ಅಣ್ಣ ತಮ್ಮ ಜಗಳವಾಡಿದರು, ಅಷ್ಟೇ. ಗುಣವಾಗುವುದು ಎಂದರೆ ನನಗೆ ಇಷ್ಟೇ ಬೇಕಿತ್ತು. ರಿಕ್ಷಾದವನಿಗೆ ಇಡ್ಲಿ ಹಾಕಿದೆ. ಅಣ್ಣ ವಾಪಸು ಹೋದ. ಗಾಡಿ ಕದಲಲಿಲ್ಲ.

ಈಗ ನನಗಿರುವುದು ಗಾಡಿ ಒಂದು, ಒಲೆ ಎರಡು, ಬಾಡಿಗೆಯ ಕೋಣೆ ಒಂದು, ದಿನಕ್ಕೆ ಗುಳಿಗೆ ಎರಡು, ಆಗಾಗ ಬಂದುಹೋಗುವ ದನಿ ಒಂದು, ಮಾತು ಬಿಟ್ಟ ಅಣ್ಣ ಒಬ್ಬ.