ಲಾಂಚಣ್ಣನ ನಿದ್ದೆ

ಹೊಳೆಯ ಎರಡು ದಡಗಳ ನಡುವೆ ಲಾಂಚು ಓಡಿಸುತ್ತಿದ್ದ ಆತನಿಗೆ ಜನ ಇಟ್ಟ ಹೆಸರು ಲಾಂಚಣ್ಣ. ಅವನಿಗಿಂತ ಇಪ್ಪತ್ತು ವರ್ಷ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಮಾತು ಕಮ್ಮಿ, ಕಣ್ಣು ಚುರುಕು. ಎಲ್ಲಿ ಆಳ, ಎಲ್ಲಿ ಮರಳು ದಿಬ್ಬ ಎನ್ನುವುದು ಅವನಿಗೆ ಅಂಗೈ ಗೆರೆಯಷ್ಟು ಪರಿಚಿತ. ಚಹಾದ ಲೋಟ ತುಳುಕದ ಹಾಗೆ ಲಾಂಚನ್ನು ಕಟ್ಟೆಗೆ ತಂದು ನಿಲ್ಲಿಸುತ್ತಾನೆ ಎಂದು ಚಹಾದಂಗಡಿಯವನು ಬಂದವರಿಗೆಲ್ಲ ಹೇಳುತ್ತಿದ್ದ.

ಮೊದಲು ಲಾಂಚಿಗೆ ಇಬ್ಬರು ಚುಕ್ಕಾಣಿಗರಿದ್ದರು, ಬೆಳಿಗ್ಗೆ ಒಬ್ಬ, ಮಧ್ಯಾಹ್ನದ ಮೇಲೆ ಒಬ್ಬ. ಇನ್ನೊಬ್ಬ ಬೆನ್ನುನೋವೆಂದು ಕೆಲಸ ಬಿಟ್ಟಾಗ ಲಾಂಚಿನ ಯಜಮಾನರು, "ಒಂದು ವಾರ ನೀನೇ ಸುಧಾರಿಸಪ್ಪ, ಬೇರೆಯವರನ್ನ ನೋಡ್ತೀನಿ" ಎಂದರು. ವಾರ ಹೋಗಿ ತಿಂಗಳಾಯಿತು, ಒಂದು ತಿಂಗಳು ನಾಲ್ಕಾಯಿತು. ಬೆಳಗಿನ ಐದಕ್ಕೆ ಹಿಡಿದ ಚುಕ್ಕಾಣಿ ಬಿಡುವಾಗ ರಾತ್ರಿ ಒಂಬತ್ತು. ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದ ಹೆಂಡತಿ, "ಈ ಮನೇಲಿ ನಿಮ್ಮ ಅಂಗಿ ಮಾತ್ರ ಸಂಸಾರ ಮಾಡ್ತಿದೆ" ಎಂದು ನಗುತ್ತಲೇ ಕುಟುಕುತ್ತಿದ್ದಳು. ಅವನು ಯಜಮಾನರನ್ನು ಮೂರು ಸಲ ಕೇಳಿದ. ಮೂರು ಸಲವೂ ಸಿಕ್ಕಿದ್ದು "ನೋಡ್ತಾ ಇದೀನಲ್ಲ" ಎಂಬ ಉತ್ತರವೇ.

ಅದು ನಡೆದದ್ದು ಒಂದು ಬುಧವಾರ ನಡುಮಧ್ಯಾಹ್ನ. ನೀರು ಹೊಸ ತಗಡಿನಂತೆ ಹೊಳೆಯುತ್ತಿತ್ತು. ಎಂಜಿನ್ ಒಂದೇ ಶ್ರುತಿಯಲ್ಲಿ ಗುಂಯ್‌ಗುಡುತ್ತಿತ್ತು. ಒಳಗೆ ತೊಂಬತ್ತು ಜನ. ಮರಳು ದಿಬ್ಬದ ಗುರುತಿಗೆ ನೆಟ್ಟಿದ್ದ ಕೆಂಪು ಕಂಬ ದೂರದಲ್ಲಿ ಬಲಕ್ಕೆ ಕಂಡಿತು. ಮತ್ತೆ ನೋಡಿದಾಗ ಅದು ಎಡಕ್ಕಿತ್ತು, ಕೈಚಾಚಿದರೆ ಸಿಗುವಷ್ಟು ಹತ್ತಿರ. ನಡುವೆ ಏನಾಯಿತೆಂದು ಅವನಿಗೆ ತಿಳಿಯದು. ಚುಕ್ಕಾಣಿಯನ್ನು ಇದ್ದಷ್ಟೂ ಬಲ ಹಾಕಿ ತಿರುಗಿಸಿದ. ಲಾಂಚು ಒಮ್ಮೆ ವಾಲಿ, ದಿಬ್ಬದ ಅಂಚನ್ನು ಸವರಿಕೊಂಡು ಆಚೆ ಬಂತು. ಕಾಳು ಬಿಡಿಸುತ್ತ ಕೂತಿದ್ದ ಅಜ್ಜಿಯೊಬ್ಬಳು ಚೆಲ್ಲಿದ್ದನ್ನು ಆರಿಸಿಕೊಳ್ಳುತ್ತ, "ಏನು ಗಾಳಿಯಪ್ಪ!" ಎಂದಳು. ಅಷ್ಟೇ. ಬೇರೆ ಯಾರಿಗೂ ಏನೂ ಗೊತ್ತಾಗಲಿಲ್ಲ.

ಬಾಯಿ ಮುಚ್ಚಿಕೊಂಡಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಅವನು ಲಾಂಚನ್ನು ಎಂದಿನಂತೆ ಮೆತ್ತಗೆ ಕಟ್ಟೆಗೆ ತಂದ, ಜನ ಇಳಿಯುವವರೆಗೆ ಕಾದ, ಎಂಜಿನ್ನಿನ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡ. ಹತ್ತಲು ನಿಂತಿದ್ದವರಿಗೆ ಅಡ್ಡವಾಗಿ ನಿಂತು ಹೇಳಿದ: "ಇವತ್ತು ಇನ್ನು ಬಿಡಲ್ಲ. ನಾನು ಚುಕ್ಕಾಣಿ ಹಿಡ್ಕೊಂಡೇ ನಿದ್ದೆ ಹೋದೆ."

ಎಲ್ಲರೂ ಒಟ್ಟಿಗೇ ಮಾತಾಡಿದರು. "ಆಸ್ಪತ್ರೆಗೆ ಹೋಗಬೇಕು ಮಾರಾಯ!" "ತೊಂಬತ್ತು ಜೀವ ಇತ್ತಲ್ಲೋ!" ಅವನು ಬೈಗುಳವನ್ನೆಲ್ಲ ತಲೆತಗ್ಗಿಸಿ ಕೇಳಿಸಿಕೊಂಡ. ಆಸ್ಪತ್ರೆಗೆ ಹೊರಟವರನ್ನು ಪಕ್ಕದ ಕಡವಿನ ಲಾಂಚಿಗೆ ತಾನೇ ಹತ್ತಿಸಿ, ನಂತರ ಮನೆಗೆ ನಡೆದ.

"ಏನ್ರೀ, ಜ್ವರಾನ?" ಹೆಂಡತಿ ಹಣೆ ಮುಟ್ಟಿ ನೋಡಿದಳು. ಅವನು ಎಲ್ಲ ಹೇಳಿ, ಗೋಡೆಗೆ ಮುಖ ಮಾಡಿ ಮಲಗಿದ. ಮಷೀನಿನ ಸದ್ದಾಗಬಾರದೆಂದು ಅವಳು ಹೊಲಿಗೆ ನಿಲ್ಲಿಸಿ ಹೊಸ್ತಿಲಲ್ಲಿ ಕೂತಳು. ಸಂಜೆ ಯಜಮಾನರು ಕೆಂಡಾಮಂಡಲವಾಗಿ ಬಂದಾಗಲೂ ಅವಳು ಏಳಲಿಲ್ಲ.

"ಮಲಗಿದ್ದಾರೆ. ನಾಲ್ಕು ತಿಂಗಳ ನಿದ್ದೆ. ನಾಳೆ ಬನ್ನಿ."

ಮರುದಿನ ಯಜಮಾನರ ದನಿ ಬೆಣ್ಣೆಯಾಗಿತ್ತು. "ಜಲಸಾರಿಗೆ ಕಚೇರಿಯವರು ವಿಚಾರಣೆ ಇಟ್ಟಿದಾರೆ. ಎಂಜಿನ್ ಕೈಕೊಡ್ತು ಅಂದ್ಬಿಡು. ನಿನಗೂ ಕ್ಷೇಮ, ನನಗೂ ಕ್ಷೇಮ."

"ಆ ಎಂಜಿನ್ನಿಗೆ ಹದಿನೈದು ದಿನಕ್ಕೊಂದ್ಸಲ ರಜಾ ಕೊಟ್ಟು ಎಣ್ಣೆ ಬದಲಾಯಿಸ್ತೀವಿ ಯಜಮಾನ್ರೆ," ಎಂದ ಲಾಂಚಣ್ಣ. "ಅದು ಯಾಕೆ ಕೈಕೊಡುತ್ತೆ?"

ಹೇಳಿದನೇ ಹೊರತು ಹೆದರಿಕೆ ಇದ್ದೇ ಇತ್ತು. ಲೈಸೆನ್ಸು ಹೋದರೆ ಬೇರೆ ಕಸುಬು ಗೊತ್ತಿರಲಿಲ್ಲ. ಹೆಂಡತಿ ಮಾತ್ರ, "ನೀರಿಗಿಳಿದ ಮೇಲೆ ಚಳಿಯೇನು? ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ ಬನ್ನಿ" ಎಂದು ಅಂಗಿಯ ಗುಂಡಿ ಬಿಗಿಮಾಡಿ ಕಳಿಸಿದಳು.

ವಿಚಾರಣೆಗೆ ಆ ಹೊಳೆಯ ಹದಿನಾಲ್ಕು ಚುಕ್ಕಾಣಿಗರನ್ನೂ ಕರೆಸಿದ್ದರು. ಉಳಿದವರಿಗೆಲ್ಲ ಇವನ ಮೇಲೆ ಸಿಟ್ಟು. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಎಂದು ಹೊರಗೆ ಗೊಣಗುತ್ತಿದ್ದರು. ಕನ್ನಡಕ ಹಾಕಿದ ಅಧಿಕಾರಿಣಿ ಕೇಳಿದರು: "ಎಷ್ಟು ಹೊತ್ತು ನಿದ್ದೆ ಹೋಗಿದ್ರಿ?"

"ಅದು ಗೊತ್ತಾಗಿದ್ರೆ ನಿದ್ದೆ ಹೆಂಗಾಗುತ್ತೆ ಮೇಡಂ?"

ಅವನು ಅಣಕಕ್ಕೆ ಹೇಳಿರಲಿಲ್ಲ, ಆದರೂ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅಧಿಕಾರಿಣಿ ನಗಲಿಲ್ಲ. ನಾಲ್ಕು ತಿಂಗಳ ಹಾಜರಿ ಪುಸ್ತಕವನ್ನು ಹಾಳೆ ಹಾಳೆಯಾಗಿ ತಿರುವಿದರು. ಪ್ರತಿ ಪಾಳಿಯಲ್ಲೂ ಒಬ್ಬನದೇ ಸಹಿ. ಅವರು ಕನ್ನಡಕ ತೆಗೆದು ಬೆಂಚುಗಳ ಕಡೆ ನೋಡಿದರು. "ಇಲ್ಲಿ ಬೇರೆ ಯಾರಿಗಾದ್ರೂ ಹೀಗಾಗಿದೆಯಾ?"

ಚುಕ್ಕಾಣಿಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಎಲ್ಲರಿಗಿಂತ ಹಿರಿಯ, ನರೆತ ಮೀಸೆಯ ಚುಕ್ಕಾಣಿಗ ಎದ್ದು ನಿಂತ. "ನನಗೆ ಎರಡು ಸಲ, ತಾಯಿ. ಹೆಂಡತಿಗೂ ಹೇಳಿಲ್ಲ." ಆಮೇಲೆ ಇನ್ನೊಬ್ಬ ಎದ್ದ. ಮತ್ತೊಬ್ಬ ಕೂತಲ್ಲೇ ಕೈ ಎತ್ತಿದ. ಎಣಿಸಿದಾಗ, ಲಾಂಚಣ್ಣನೂ ಸೇರಿ ಹದಿನಾಲ್ಕರಲ್ಲಿ ಹನ್ನೊಂದು ಜನ. ಅವನು ಹಿಂತಿರುಗಿ ನೋಡಿದ.

ತೀರ್ಪು ಅವನನ್ನೂ ಬಿಡಲಿಲ್ಲ. ಮೂರು ತಿಂಗಳು ಲೈಸೆನ್ಸು ಅಮಾನತಾಯಿತು. ಅದರ ಜೊತೆಗೆ, ಯಾವ ಚುಕ್ಕಾಣಿಗನೂ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ನಿಲ್ಲಬಾರದು, ಪಾಳಿಗೊಬ್ಬರಂತೆ ಇಬ್ಬರು ಚುಕ್ಕಾಣಿಗರಿಲ್ಲದ ಲಾಂಚು ಕಟ್ಟೆ ಬಿಡಬಾರದು ಎಂಬ ಆದೇಶವೂ ಹೊರಟಿತು. ಯಜಮಾನರು ಹಲ್ಲು ಕಚ್ಚಿದರು, ಪಾಲಿಸಿದರು. ಶಿಕ್ಷೆಯ ಬಗ್ಗೆ ಕೇಳಿದವರಿಗೆ ಲಾಂಚಣ್ಣ, "ನಿದ್ದೆ ಹೋಗಿದ್ದು ನಾನೇ ತಾನೆ?" ಎನ್ನುತ್ತಿದ್ದ. ಆ ಮೂರು ತಿಂಗಳು ಹೆಂಡತಿ ಹೊಲಿದ ಬಟ್ಟೆಗಳಿಗೆ ಗುಂಡಿ ಹಚ್ಚಿದ. ಅವಳ ಪ್ರಕಾರ ಒಂದೂ ನೆಟ್ಟಗಿರಲಿಲ್ಲ.

ಮತ್ತೆ ಕೆಲಸಕ್ಕೆ ಬಂದ ದಿನ ಕೆಲವರು ಹತ್ತಲು ಹಿಂದೆಮುಂದೆ ನೋಡಿದರು. ಅವನು ಯಾರನ್ನೂ ಕರೆಯಲಿಲ್ಲ. ಅರ್ಧ ತುಂಬಿದ ಲಾಂಚನ್ನೇ ಆಚೆ ದಡಕ್ಕೆ ಒಯ್ದ. ಮಧ್ಯಾಹ್ನ ಒಂದು ಗಂಟೆಗೆ ಎರಡನೇ ಪಾಳಿಯವಳು ಬಂದಳು, ಹಿಂದೆ ಮರಳಿನ ದೋಣಿ ನಡೆಸುತ್ತಿದ್ದ ಗಟ್ಟಿಗಿತ್ತಿ.

"ಮೇಲಿನ ಅಣೆಕಟ್ಟಿಂದ ನೀರು ಕಮ್ಮಿ ಬಿಟ್ಟಿದಾರೆ, ತಂಗಿ. ದಡದ ಹತ್ರ ನಿಧಾನ."

"ಸರಿ ಅಣ್ಣ, ನೀವು ಹೊರಡಿ. ಊಟದ ಹೊತ್ತಾಯ್ತು."

ಅವನು ಚುಕ್ಕಾಣಿ ಅವಳ ಕೈಗೆ ಕೊಟ್ಟು ಕಟ್ಟೆಗೆ ಹಾರಿದ. ಲಾಂಚು ತಿರುಗಿ ಹೊರಟಿತು. ಅದು ಆಚೆ ದಡ ಮುಟ್ಟುವವರೆಗೂ ನೋಡುತ್ತ ನಿಂತಿದ್ದು, ಆಮೇಲೆ ಮನೆಯ ದಾರಿ ಹಿಡಿದ.